ಫೋನಿನ ಬ್ರೌಸರ್: ಹೆಸರು ನೂರು, ಎಂಜಿನ್ ಮೂರು

ಫೋನಿನ ಆ್ಯಪ್ ಸ್ಟೋರಿನಲ್ಲಿ ಬ್ರೌಸರ್ ಎಂದು ಹುಡುಕಿದರೆ ಹೆಸರುಗಳಿಗೇನೂ ಬರವಿಲ್ಲ. ಆಂಡ್ರಾಯ್ಡ್‌ನ ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಸ್ಯಾಮ್‌ಸಂಗ್ ಇಂಟರ್ನೆಟ್ ಎಲ್ಲವೂ ಗೂಗಲ್‌ನ ಮುಕ್ತ ಕೋಡ್ ಆದ ಕ್ರೋಮಿಯಂ ಮೇಲೆ ಕಟ್ಟಿದವು. ಎಚ್‌ಟಿಎಂಎಲ್ ಓದಿ ಪರದೆಯ ಮೇಲೆ ಪುಟ ಮೂಡಿಸುವ ಕೆಲಸ ಅಷ್ಟರಲ್ಲೂ ಬ್ಲಿಂಕ್ ಎಂಜಿನ್‌ನದು. ಫೈರ್‌ಫಾಕ್ಸ್ ಮಾತ್ರ ಬೇರೆ ಜಾತಿ, ಅದರೊಳಗಿರುವುದು ಗೆಕೋ. ಐಫೋನಿನಲ್ಲಿ ಇಷ್ಟು ಆಯ್ಕೆಯೂ ಇಲ್ಲ. ವೆಬ್ ಪುಟ ತೋರಿಸುವ ಆ್ಯಪ್ ಯಾವುದೇ ಆಗಲಿ, ವೆಬ್‌ಕಿಟ್ ಬಳಸಲೇಬೇಕು ಎನ್ನುತ್ತದೆ ಆಪಲ್‌ನ ಆ್ಯಪ್ ಸ್ಟೋರ್ ನಿಯಮ 2.5.6. ಅಂದರೆ ಐಫೋನಿನ ಕ್ರೋಮ್ ಒಳಗೂ ಫೈರ್‌ಫಾಕ್ಸ್ ಒಳಗೂ ಓಡುವುದು ಸಫಾರಿಯ ಎಂಜಿನ್ನೇ. ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಎಂಬ ಕಾನೂನಿನಿಂದಾಗಿ 2024ರ ಮಾರ್ಚ್‌ನ ಐಒಎಸ್ 17.4ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಈ ಕಟ್ಟು ಸಡಿಲವಾಗಿದೆ. ಆದರೆ ನಿಮ್ಮ ಸೈಟಿಗೆ ಬರುವ ಐಫೋನ್‌ಗಳನ್ನೆಲ್ಲ ವೆಬ್‌ಕಿಟ್ ಎಂದುಕೊಂಡೇ ಕೆಲಸ ಮಾಡುವುದು ಈಗಲೂ ಕ್ಷೇಮ.

ಇದು ತಲೆಯಲ್ಲಿದ್ದರೆ ಅರ್ಧ ದೂರುಗಳ ಮೂಲ ಸಲೀಸಾಗಿ ಸಿಗುತ್ತದೆ. 'ಐಫೋನಿನ ಕ್ರೋಮ್‌ನಲ್ಲಿ ಮೆನು ತೆರೆಯುತ್ತಿಲ್ಲ' ಎಂದು ಯಾರಾದರೂ ಬರೆದರೆ, ಲ್ಯಾಪ್‌ಟಾಪಿನ ಕ್ರೋಮ್ ತೆರೆದು ನೋಡುವುದರಿಂದ ಏನೂ ಉಪಯೋಗವಿಲ್ಲ. ಅದೇ ಫೋನಿನ ಸಫಾರಿಯಲ್ಲಿ ನೋಡಿ. ಅಲ್ಲೂ ಕೆಟ್ಟಿದ್ದರೆ ಅದು ವೆಬ್‌ಕಿಟ್ ಸಮಸ್ಯೆ. ಸಫಾರಿಯಲ್ಲಿ ಸರಿಯಿದ್ದು ಕ್ರೋಮ್‌ನಲ್ಲಿ ಮಾತ್ರ ಕೆಟ್ಟಿದ್ದರೆ ಎಂಜಿನ್ ಬಿಟ್ಟು ಮೇಲಿನ ಕವಚವನ್ನು ಅನುಮಾನಿಸಿ: ಆ ಆ್ಯಪಿನ ಟೂಲ್‌ಬಾರ್, ಅನುವಾದದ ಪಟ್ಟಿ, ಆಟೋಫಿಲ್, ಅದು ಪುಟದೊಳಗೆ ಸೇರಿಸುವ ಸ್ಕ್ರಿಪ್ಟ್. ಬ್ಲಿಂಕ್ 2013ರಲ್ಲಿ ವೆಬ್‌ಕಿಟ್‌ನಿಂದಲೇ ಕವಲೊಡೆದದ್ದು, ನಿಜ. ಆದರೆ ಅಷ್ಟು ವರ್ಷ ಬೇರೆಬೇರೆ ಬೆಳೆದ ಮೇಲೆ ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡೀತು ಎಂದು ನಂಬುವಂತಿಲ್ಲ.

ಬಳಸುವವರ ಕಡೆಯಿಂದ ನೋಡಿದರೆ ಆಂಡ್ರಾಯ್ಡ್‌ನಲ್ಲಿ ನಿಜವಾದ ಆಯ್ಕೆ ಇದೆ. ಜಾಹೀರಾತು ತಡೆಯುವ ಪೂರ್ಣ ಪ್ರಮಾಣದ ಎಕ್ಸ್‌ಟೆನ್ಷನ್ ಬೇಕೆಂದರೆ ಫೈರ್‌ಫಾಕ್ಸ್. 2023ರ ಡಿಸೆಂಬರಿನಿಂದ ಅಲ್ಲಿ ಎಕ್ಸ್‌ಟೆನ್ಷನ್‌ಗಳ ಬಾಗಿಲು ಎಲ್ಲರಿಗೂ ತೆರೆದಿದೆ. ವೆಬ್ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡಿಕೊಂಡು ಬಳಸುವವರಿಗೆ ಕ್ರೋಮ್ ಮೇಲು. ಐಫೋನಿನಲ್ಲಿ ಆಯ್ಕೆ ಎಂದರೆ ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲಿ ಸಿಂಕ್ ಆಗಬೇಕು ಎನ್ನುವುದಷ್ಟೇ. ಸಫಾರಿಗೆ ಹಾಕಿಕೊಂಡ ಕಂಟೆಂಟ್ ಬ್ಲಾಕರ್ ಅದೇ ಫೋನಿನ ಕ್ರೋಮ್‌ಗೆ ಅನ್ವಯಿಸುವುದಿಲ್ಲ, ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಳೆಯ ಫೋನಿನ ಲೆಕ್ಕವೇ ಬೇರೆ. ಆಂಡ್ರಾಯ್ಡ್‌ನಲ್ಲಿ ಬ್ರೌಸರ್ ಪ್ಲೇ ಸ್ಟೋರಿನಿಂದ ಅಪ್‌ಡೇಟ್ ಆಗುತ್ತದೆ. ಫೋನ್ ಕಂಪನಿ ಸಿಸ್ಟಮ್ ಅಪ್‌ಡೇಟ್ ನಿಲ್ಲಿಸಿ ವರ್ಷಗಳಾಗಿದ್ದರೂ ಆಂಡ್ರಾಯ್ಡ್ 10ರ ಫೋನಿನಲ್ಲಿ ಇತ್ತೀಚಿನ ಕ್ರೋಮ್ ಓಡುತ್ತದೆ (ಆಂಡ್ರಾಯ್ಡ್ 8 ಮತ್ತು 9ಕ್ಕೆ ಕ್ರೋಮ್ 138ನೇ ಆವೃತ್ತಿಯೇ ಕೊನೆ). ಐಫೋನಿನಲ್ಲಿ ವೆಬ್‌ಕಿಟ್ ಬರುವುದು ಐಒಎಸ್ ಜೊತೆಗೇ. ಐಫೋನ್ 7 ಐಒಎಸ್ 15ರಲ್ಲಿ ನಿಂತಿತು. ಕಂಟೇನರ್ ಕ್ವೆರಿ (ಸುತ್ತಲಿನ ಪೆಟ್ಟಿಗೆಯ ಅಗಲ ನೋಡಿ ಲೇಔಟ್ ಬದಲಿಸುವ ಸೌಲಭ್ಯ) ಸಫಾರಿ 16ರಲ್ಲಿ ಬಂತು, ಹಾಗಾಗಿ ಆ ಫೋನಿಗೆ ಅದು ಎಂದೂ ಬರುವುದಿಲ್ಲ. ಸ್ಟೋರಿನಿಂದ ಕ್ರೋಮ್ ಹಾಕಿಕೊಂಡರೂ ಎಂಜಿನ್ ಹಳೆಯದೇ. 'ಬ್ರೌಸರ್ ಅಪ್‌ಡೇಟ್ ಮಾಡಿ' ಎಂದು ಪುಟದ ತಲೆಗೆ ಪಟ್ಟಿ ಅಂಟಿಸಿ ಕೈ ತೊಳೆದುಕೊಳ್ಳುವವರು ಇದನ್ನು ಗಮನಿಸಬೇಕು: ಆ ಫೋನಿನವರು ಮಾಡಬಹುದಾದದ್ದು ಏನೂ ಇಲ್ಲ. ಬ್ರೌಸರಿಗೆ ಆ ಸೌಲಭ್ಯ ಗೊತ್ತಿದ್ದರೆ ಮಾತ್ರ ಜಾರಿಯಾಗುವ 'ಸಪೋರ್ಟ್ಸ್' ಎಂಬ ಸಿಎಸ್‌ಎಸ್ ನಿಯಮದೊಳಗೆ ಹೊಸ ಲೇಔಟ್ ಇಟ್ಟು, ಹೊರಗೆ ಒಂದೇ ಕಾಲಮ್ಮಿನ ಸರಳ ಲೇಔಟ್ ಬಿಟ್ಟರೆ ಅವರೂ ಪುಟ ಓದಿಕೊಳ್ಳುತ್ತಾರೆ.

ಎಲ್ಲರೂ ಮರೆಯುವ ಇನ್ನೊಂದು ಬ್ರೌಸರ್ ಇದೆ. ಚಾಟ್ ಆ್ಯಪಿನಲ್ಲೋ ಸೋಷಿಯಲ್ ಮೀಡಿಯಾ ಆ್ಯಪಿನಲ್ಲೋ ಲಿಂಕ್ ಮುಟ್ಟಿದಾಗ ಅದರೊಳಗೇ ತೆರೆದುಕೊಳ್ಳುವ ಕಿಟಕಿ. ಇದರಲ್ಲಿ ಎರಡು ಬಗೆ. ಆಂಡ್ರಾಯ್ಡ್‌ನ ಕಸ್ಟಮ್ ಟ್ಯಾಬ್ ನಿಜವಾದ ಬ್ರೌಸರಿನದೇ ಮುಖ. ಅದರ ಕುಕಿ, ಲಾಗಿನ್ ಎಲ್ಲ ಹಾಗೇ ಸಿಗುತ್ತವೆ. ವೆಬ್‌ವ್ಯೂ, ಅಂದರೆ ಆ್ಯಪ್ ತನ್ನೊಳಗೇ ಕೂರಿಸಿಕೊಂಡ ವೆಬ್ ಪುಟದ ಚೌಕಟ್ಟು, ಹಾಗಲ್ಲ. ಎಂಜಿನ್ ಅದೇ ಇದ್ದರೂ ಸುತ್ತಲಿನ ಸೌಕರ್ಯವನ್ನೆಲ್ಲ ಆ ಆ್ಯಪ್ ಬರೆದವರೇ ಜೋಡಿಸಬೇಕು. ಅವರು ಫೈಲ್ ಆರಿಸುವ ಕಿಟಕಿಯನ್ನು ಜೋಡಿಸದಿದ್ದರೆ ನಿಮ್ಮ ಅಪ್‌ಲೋಡ್ ಬಟನ್ ಒತ್ತಿದರೂ ಏನೂ ಆಗದು, ಎರರ್ ಕೂಡ ಬರದು. ಹೊಸ ಟ್ಯಾಬ್ ತೆರೆಯುವ ಲಿಂಕ್, ಡೌನ್‌ಲೋಡ್, ಕ್ಯಾಮೆರಾ ಅನುಮತಿ ಎಲ್ಲದರ ಕಥೆಯೂ ಇದೇ. ಕುಕಿ ಬೇರೆ, ಹಾಗಾಗಿ ಬ್ರೌಸರಿನಲ್ಲಿ ಲಾಗಿನ್ ಆಗಿದ್ದವರು ಇಲ್ಲಿ ಅಪರಿಚಿತರು. ಗೂಗಲ್ ತನ್ನ ಲಾಗಿನ್ ಪುಟವನ್ನು ವೆಬ್‌ವ್ಯೂ ಒಳಗೆ ತೆರೆಯಲು ಬಿಡುವುದೇ ಇಲ್ಲ. 'ಗೂಗಲ್ ಮೂಲಕ ಲಾಗಿನ್ ಆಗಿ' ಎನ್ನುವ ಒಂದೇ ದಾರಿ ಇಟ್ಟಿರುವ ಸೈಟ್ ಇಂಥ ಕಡೆ ಸಂಪೂರ್ಣ ಬಾಗಿಲು ಮುಚ್ಚಿದಂತೆ. ಇಮೇಲ್ ಮತ್ತು ಒಟಿಪಿಯ ಇನ್ನೊಂದು ದಾರಿ ಇಡಿ.

ಇಷ್ಟೆಲ್ಲ ಬಗೆ ಇದ್ದಾಗ ಬ್ರೌಸರ್ ಸೈಟಿಗೆ ತನ್ನ ಪರಿಚಯ ಹೇಳಿಕೊಳ್ಳುವ ಯೂಸರ್ ಏಜೆಂಟ್ ಸಾಲನ್ನು ಓದಿ ಅದನ್ನು ಗುರುತಿಸುವ ಆಸೆ ಹುಟ್ಟುತ್ತದೆ. ಬೇಡ. ಆ ಸಾಲು ಸುಳ್ಳು ಹೇಳುತ್ತದೆ. ಐಪ್ಯಾಡಿನ ಸಫಾರಿ ಐಪ್ಯಾಡ್‌ಒಎಸ್ 13ರಿಂದ ತನ್ನನ್ನು ಮ್ಯಾಕ್ ಎಂದು ಕರೆದುಕೊಳ್ಳುತ್ತದೆ. ಆಂಡ್ರಾಯ್ಡ್‌ನ ಕ್ರೋಮ್ 2023ರಿಂದ ಫೋನ್ ಯಾವುದೇ ಇರಲಿ, ಸಿಸ್ಟಮ್ 'ಆಂಡ್ರಾಯ್ಡ್ 10', ಮಾಡೆಲ್ 'ಕೆ' ಎಂದೇ ಬರೆಯುತ್ತದೆ. ಹೆಸರು ಕೇಳುವುದರ ಬದಲು ಏನು ಬರುತ್ತದೆ ಎಂದು ಕೇಳಿ. 'ಪಾಯಿಂಟರ್: ಕೋರ್ಸ್' ಎಂಬ ಮೀಡಿಯಾ ಕ್ವೆರಿ (ಸಾಧನದ ಗುಣ ಕೇಳುವ ಸಿಎಸ್‌ಎಸ್ ಪ್ರಶ್ನೆ) ಮುಖ್ಯ ಸಾಧನ ಬೆರಳೇ ಎಂದು ಹೇಳುತ್ತದೆ, 'ಹೋವರ್: ಹೋವರ್' ಎಂಬುದು ಮೌಸ್ ಮೇಲೆ ತಂದು ನಿಲ್ಲಿಸಲು ಬರುತ್ತದೆಯೇ ಎಂದು. ಪರದೆಯ ಅಗಲ ನೋಡಿ 'ಇದು ಟಚ್' ಎಂದು ತೀರ್ಮಾನಿಸುವುದು ತಪ್ಪು. ಟಚ್ ಇರುವ ಲ್ಯಾಪ್‌ಟಾಪ್, ಟ್ರ್ಯಾಕ್‌ಪ್ಯಾಡ್ ಹಾಕಿದ ಐಪ್ಯಾಡ್ ಎರಡೂ ಆ ಲೆಕ್ಕವನ್ನು ತಲೆಕೆಳಗು ಮಾಡುತ್ತವೆ. ಮುಖ್ಯ ಸಾಧನ ಮೌಸ್ ಆಗಿದ್ದೂ ಪರದೆಗೆ ಟಚ್ ಇದೆಯೇ ಎಂದು ತಿಳಿಯಲು 'ಎನಿ-ಪಾಯಿಂಟರ್' ಇದೆ.

ಬೆರಳು ತಾಗಿದ ಮೇಲೆ

ಮೊದಲು, ಪುಟವನ್ನು ಎಷ್ಟು ಅಗಲಕ್ಕೆ ಹಾಸಬೇಕೆಂದು ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್. ಅದಿಲ್ಲದಿದ್ದರೆ ಐಫೋನ್ ನಿಮ್ಮ ಪುಟವನ್ನು 980 ಪಿಕ್ಸೆಲ್ ಅಗಲಕ್ಕೆ ಹಾಸಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. 'ವಿಡ್ತ್' ಎಂಬುದಕ್ಕೆ 'ಡಿವೈಸ್-ವಿಡ್ತ್', 'ಇನಿಶಿಯಲ್-ಸ್ಕೇಲ್' ಎಂಬುದಕ್ಕೆ 1, ಇಷ್ಟೇ ಸಾಕು. ಅದರ ಪಕ್ಕ ಜೂಮ್ ತಡೆಯುವ 'ಯೂಸರ್-ಸ್ಕೇಲಬಲ್=ನೋ' ಸೇರಿಸುವ ಚಟ ಇನ್ನೂ ಹೋಗಿಲ್ಲ. ಐಒಎಸ್ 10ರಿಂದ ಸಫಾರಿ ಅದನ್ನು ಕಡೆಗಣಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಮಾತ್ರ ನಡೆಯುತ್ತದೆ, ಅಂದರೆ ಕಣ್ಣು ಮಂಜಾದವರಿಗೆ ತೊಂದರೆ ಕೊಡುವುದಷ್ಟೇ ಅದರ ಸಾಧನೆ.

ಹಿಂದೆ ಟ್ಯಾಪ್ ಮಾಡಿದ ಮೇಲೆ ಸುಮಾರು 300 ಮಿಲಿಸೆಕೆಂಡ್ ತಡವಾಗಿ ಕ್ಲಿಕ್ ಬರುತ್ತಿತ್ತು. ಎರಡನೇ ಟ್ಯಾಪ್ ಬಂದರೆ ಜೂಮ್ ಮಾಡಬೇಕಲ್ಲ, ಅದಕ್ಕೆ ಬ್ರೌಸರ್ ಕಾಯುತ್ತಿತ್ತು. ಡಿವೈಸ್-ವಿಡ್ತ್ ಹಾಕಿದ ಪುಟಗಳಿಗೆ ಕ್ರೋಮ್ 2014ರಲ್ಲೇ ಆ ಕಾಯುವಿಕೆ ತೆಗೆಯಿತು, ಸಫಾರಿ 2016ರಲ್ಲಿ. ಹಳೆಯ ಪ್ರಾಜೆಕ್ಟಿನಲ್ಲಿ ಆ ತಡ ತಪ್ಪಿಸಲು ಹಾಕಿದ್ದ ಫಾಸ್ಟ್‌ಕ್ಲಿಕ್ ಲೈಬ್ರರಿ ಇನ್ನೂ ಕೂತಿದ್ದರೆ ಕಿತ್ತುಹಾಕಿ. ಬೇಗ ಬೇಗ ಒತ್ತುವ ಬಟನ್‌ಗಳಿಗೆ, ಉದಾಹರಣೆಗೆ ಸಂಖ್ಯೆ ಏರಿಸುವ ಪ್ಲಸ್ ಬಟನ್ನಿಗೆ, 'ಟಚ್-ಆ್ಯಕ್ಷನ್: ಮ್ಯಾನಿಪ್ಯುಲೇಷನ್' ಕೊಟ್ಟರೆ ಡಬಲ್ ಟ್ಯಾಪ್ ಜೂಮ್ ಅಡ್ಡ ಬರುವುದಿಲ್ಲ.

ಒಂದು ಟ್ಯಾಪ್ ಆದಾಗ ಮೊದಲು ಟಚ್‌ಸ್ಟಾರ್ಟ್, ಟಚ್‌ಎಂಡ್ ಎಂಬ ಈವೆಂಟ್‌ಗಳು (ಬ್ರೌಸರ್ ನಿಮ್ಮ ಕೋಡಿಗೆ ಕಳಿಸುವ ಸುದ್ದಿಗಳು) ಬರುತ್ತವೆ. ಹಿಂದೆಯೇ ಹಳೆಯ ಪುಟಗಳಿಗಾಗಿ ಮೌಸ್‌ಮೂವ್, ಮೌಸ್‌ಡೌನ್, ಮೌಸ್‌ಅಪ್, ಕೊನೆಗೆ ಕ್ಲಿಕ್. ಟಚ್‌ಎಂಡ್‌ಗೂ ಕ್ಲಿಕ್‌ಗೂ ಒಂದೇ ಫಂಕ್ಷನ್ ಕಟ್ಟಿದರೆ ಅದು ಎರಡು ಸಲ ಓಡುತ್ತದೆ. ತೆರೆದ ಮೆನು ಕೂಡಲೇ ಮುಚ್ಚಿಕೊಳ್ಳುವುದಕ್ಕೆ ಬಹಳ ಸಲ ಇದೇ ಕಾರಣ. ಬಟನ್‌ಗಳಿಗೆ ಕ್ಲಿಕ್ ಒಂದೇ ಸಾಕು. ಕೀಬೋರ್ಡ್, ಸ್ಕ್ರೀನ್ ರೀಡರ್ ಎರಡಕ್ಕೂ ಅದೇ ಕೆಲಸ ಮಾಡುತ್ತದೆ.

ಎಳೆಯುವ ಕೆಲಸಕ್ಕೆ, ಮೌಸ್‌ಗೂ ಬೆರಳಿಗೂ ಒಂದೇ ಆಗಿರುವ ಪಾಯಿಂಟರ್ ಈವೆಂಟ್ ಬಳಸಿ. 2019ರ ಸಫಾರಿ 13ರಿಂದ ಮೂರೂ ಎಂಜಿನ್‌ಗಳಲ್ಲಿ ಇದೆ. ಮೌಸ್‌ನಲ್ಲಿ ಚೆನ್ನಾಗಿ ಓಡಿದ ಸ್ಲೈಡರ್ ಬೆರಳಿಗೆ ಬಂದಾಗ ಒಂದಿಷ್ಟು ಜರುಗಿ ನಿಂತುಬಿಡುವುದು ಎಲ್ಲರೂ ಕಾಣುವ ಸಮಸ್ಯೆ. ಬೆರಳು ಸ್ವಲ್ಪ ಸರಿದ ಕೂಡಲೇ ಬ್ರೌಸರ್ 'ಇದು ಸ್ಕ್ರಾಲ್' ಎಂದು ತೀರ್ಮಾನಿಸಿ, ನಿಮ್ಮ ಕೋಡಿಗೆ 'ಪಾಯಿಂಟರ್‌ಕ್ಯಾನ್ಸಲ್' ಕಳಿಸಿ, ಚಲನೆಯನ್ನು ತಾನೇ ತೆಗೆದುಕೊಳ್ಳುತ್ತದೆ. ಆಮೇಲೆ ಪಾಯಿಂಟರ್‌ಮೂವ್ ಬರುವುದೇ ಇಲ್ಲ. ಅಡ್ಡ ಎಳೆಯುವ ಸ್ಲೈಡರಿಗೆ ಸಿಎಸ್‌ಎಸ್‌ನಲ್ಲಿ 'ಟಚ್-ಆ್ಯಕ್ಷನ್: ಪ್ಯಾನ್-ವೈ' ಕೊಡಿ: ಮೇಲೆ ಕೆಳಗೆ ಸ್ಕ್ರಾಲ್ ಮಾಡುವುದು ಬ್ರೌಸರಿಗೆ, ಅಡ್ಡ ಎಳೆತ ನಿಮಗೆ. ಚಿತ್ರ ಬಿಡಿಸುವ ಕ್ಯಾನ್ವಾಸಿಗೆ ಮಾತ್ರ 'ಟಚ್-ಆ್ಯಕ್ಷನ್: ನನ್' ಕೊಡಿ, ಅಲ್ಲಿ ಎಲ್ಲ ಚಲನೆಯೂ ನಿಮ್ಮದೇ. ಇಡೀ ಬಾಡಿಗೆ ಕೊಟ್ಟರೆ ಪುಟವೇ ಮೊಳೆ ಹೊಡೆದಂತೆ ನಿಲ್ಲುತ್ತದೆ. ಟಚ್-ಆ್ಯಕ್ಷನ್ ಏನಿದೆ ಎಂದು ಬ್ರೌಸರ್ ಬೆರಳು ತಾಗಿದ ಕ್ಷಣದಲ್ಲೇ ನೋಡಿಕೊಳ್ಳುವುದರಿಂದ ಪಾಯಿಂಟರ್‌ಡೌನ್ ಒಳಗೆ ಸ್ಟೈಲ್ ಬದಲಿಸಿದರೆ ಆ ಎಳೆತಕ್ಕೆ ತಡವಾಗಿರುತ್ತದೆ. ಏನೇ ಆದರೂ ಪಾಯಿಂಟರ್‌ಕ್ಯಾನ್ಸಲ್‌ಗೆ ಒಂದು ಹ್ಯಾಂಡ್ಲರ್ ಬರೆದಿಡಿ. ಇಲ್ಲವಾದರೆ ಎಳೆಯುತ್ತಿದ್ದ ಕಾರ್ಡ್ ಅರ್ಧದಲ್ಲೇ ಓರೆಯಾಗಿ ನಿಂತಿರುತ್ತದೆ.

ಎಳೆದು ಇನ್ನೊಂದರ ಮೇಲೆ ಬಿಡುವ ಪಟ್ಟಿಗಳಲ್ಲಿ ಮತ್ತೊಂದು ತೊಡಕು. ಬೆರಳಿನ ಪಾಯಿಂಟರ್ ತಾನು ಮೊದಲು ತಾಗಿದ ಎಲಿಮೆಂಟಿಗೇ ಅಂಟಿಕೊಳ್ಳುತ್ತದೆ, ನೀವು ಆ ಅಂಟನ್ನು (ಕ್ಯಾಪ್ಚರ್) ಕೇಳದಿದ್ದರೂ. ಹಾಗಾಗಿ ಬೆರಳು ಬೇರೆ ಸಾಲಿನ ಮೇಲೆ ಹೋದರೂ ಅಲ್ಲಿ 'ಪಾಯಿಂಟರ್‌ಎಂಟರ್' ಏಳುವುದಿಲ್ಲ. 'ರಿಲೀಸ್ ಪಾಯಿಂಟರ್ ಕ್ಯಾಪ್ಚರ್' ಕರೆಯಿರಿ, ಇಲ್ಲವೇ 'ಎಲಿಮೆಂಟ್ ಫ್ರಮ್ ಪಾಯಿಂಟ್' ಬಳಸಿ ಬೆರಳಿನ ಕೆಳಗೆ ಏನಿದೆ ಎಂದು ನೀವೇ ಕೇಳಿ.

ಟಚ್ ಈವೆಂಟನ್ನೇ ಬಳಸುವವರಿಗೆ ಪ್ಯಾಸಿವ್ ಲಿಸನರ್, ಅಂದರೆ ಸ್ಕ್ರಾಲ್ ತಡೆಯುವ ಹಕ್ಕಿಲ್ಲದೆ ಈವೆಂಟ್ ಕೇಳಿಸಿಕೊಳ್ಳುವ ಕೋಡ್, ಗೊತ್ತಿರಬೇಕು. ಕ್ರೋಮ್ 56ರಿಂದ ವಿಂಡೋ, ಡಾಕ್ಯುಮೆಂಟ್, ಬಾಡಿಗಳ ಮೇಲಿನ ಟಚ್‌ಸ್ಟಾರ್ಟ್, ಟಚ್‌ಮೂವ್ ಲಿಸನರ್‌ಗಳು ತಾವಾಗಿಯೇ ಪ್ಯಾಸಿವ್. ಅವುಗಳೊಳಗೆ 'ಪ್ರಿವೆಂಟ್ ಡೀಫಾಲ್ಟ್' ಕರೆದರೂ ಸ್ಕ್ರಾಲ್ ನಿಲ್ಲುವುದಿಲ್ಲ, ಕನ್ಸೋಲಿನಲ್ಲಿ ಎಚ್ಚರಿಕೆ ಬರುತ್ತದೆ ಅಷ್ಟೇ. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಕೂಡ 17ನೇ ಆವೃತ್ತಿಯಿಂದ ಈ ಎರಡನ್ನು ಪ್ಯಾಸಿವ್ ಆಗಿಯೇ ಕಟ್ಟುತ್ತದೆ. ಬೇಕೇ ಬೇಕೆಂದರೆ ರೆಫ್ (ಎಲಿಮೆಂಟಿಗೆ ನೇರ ಕೊಂಡಿ) ಹಿಡಿದು ನೇರವಾಗಿ 'ಪ್ಯಾಸಿವ್: ಫಾಲ್ಸ್' ಕೊಟ್ಟು ಲಿಸನರ್ ಹಾಕಿ, ಅದೂ ಸಣ್ಣ ಎಲಿಮೆಂಟಿನ ಮೇಲೆ ಮಾತ್ರ. ಪುಟ ಪೂರ್ತಿಗೆ ಹಾಕಿದರೆ ಪ್ರತಿ ಸ್ಕ್ರಾಲಿಗೂ ಬ್ರೌಸರ್ ನಿಮ್ಮ ಜಾವಾಸ್ಕ್ರಿಪ್ಟ್ ಮುಗಿಯುವವರೆಗೆ ಕಾಯಬೇಕು, ಕಡಿಮೆ ಬಲದ ಫೋನಿನಲ್ಲಿ ಆ ತಡವರಿಕೆ ಬೆರಳಿಗೇ ಗೊತ್ತಾಗುತ್ತದೆ.

ಹೋವರ್ ಸ್ಟೈಲ್‌ಗಳನ್ನೆಲ್ಲ 'ಹೋವರ್: ಹೋವರ್' ಮೀಡಿಯಾ ಕ್ವೆರಿಯೊಳಗೆ ತಳ್ಳಿ. ಹಾಗೆ ಮಾಡದಿದ್ದರೆ ಟ್ಯಾಪ್ ಮಾಡಿದ ಬಟನ್ ಬಣ್ಣ ಬದಲಿಸಿಕೊಂಡು ಇನ್ನೊಂದು ಕಡೆ ಮುಟ್ಟುವವರೆಗೂ ಹಾಗೇ ಉಳಿಯುತ್ತದೆ. ಐಫೋನಿನಲ್ಲಿ ಇನ್ನೂ ಕೆಟ್ಟದ್ದು: ಹೋವರ್‌ನಿಂದ ಅಡಗಿದ್ದ ಏನಾದರೂ ಕಾಣಿಸಿಕೊಂಡರೆ ಮೊದಲ ಟ್ಯಾಪ್ ಹೋವರಿಗೇ ಖರ್ಚಾಗಿ, ಲಿಂಕ್ ತೆರೆಯಲು ಎರಡನೇ ಸಲ ಮುಟ್ಟಬೇಕಾಗುತ್ತದೆ.

ಬಟನ್ ಎಷ್ಟು ದೊಡ್ಡದಿರಬೇಕು? ವೆಬ್ ಎಲ್ಲರಿಗೂ ಎಟುಕಬೇಕೆನ್ನುವ ಮಾರ್ಗಸೂಚಿ, 2023ರ ಅಕ್ಟೋಬರಿನ ಡಬ್ಲ್ಯುಸಿಎಜಿ 2.2, ಎಎ ಮಟ್ಟಕ್ಕೆ 24×24 ಸಿಎಸ್‌ಎಸ್ ಪಿಕ್ಸೆಲ್ ಕೇಳುತ್ತದೆ, ಎಎಎ ಮಟ್ಟಕ್ಕೆ 44. ಆಪಲ್ ಹೇಳುವುದು 44 ಪಾಯಿಂಟ್, ಗೂಗಲ್‌ನ ವಿನ್ಯಾಸ ಸೂಚಿ ಮೆಟೀರಿಯಲ್ 48. ನಾನು 48 ಹಿಡಿಯುತ್ತೇನೆ. 24 ಪಿಕ್ಸೆಲ್ ಐಕಾನಿನ ಸುತ್ತ 12 ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟರೆ ಲೆಕ್ಕ ಸರಿಹೋಯಿತು. ಮಾರ್ಜಿನ್ ಕೊಟ್ಟರೆ ಪ್ರಯೋಜನವಿಲ್ಲ, ಅದು ಮುಟ್ಟುವ ಜಾಗಕ್ಕೆ ಸೇರುವುದಿಲ್ಲ.

ಎತ್ತರ ಮತ್ತು ಕೀಬೋರ್ಡ್

ಎತ್ತರಕ್ಕೆ '100ವಿಎಚ್' (ಪರದೆಯ ಪೂರ್ತಿ ಎತ್ತರ) ಕೊಟ್ಟ ಪುಟದ ಕೊನೆಯ ಬಟನ್ ಫೋನಿನಲ್ಲಿ ಕಾಣದೆ ಹೋಗುವುದಕ್ಕೆ ಅಡ್ರೆಸ್ ಬಾರ್ ಕಾರಣ. ಬಾರ್ ಮಡಚಿಕೊಂಡಾಗಿನ ದೊಡ್ಡ ಎತ್ತರವನ್ನೇ 'ವಿಎಚ್' ಹಿಡಿಯುತ್ತದೆ, ಪುಟ ತೆರೆದಾಗ ಬಾರ್ ಬಿಚ್ಚಿಕೊಂಡಿರುತ್ತದೆ. ಇದಕ್ಕಾಗಿಯೇ 2022ರಲ್ಲಿ ಮೂರೂ ಎಂಜಿನ್‌ಗಳಿಗೆ 'ಎಸ್‌ವಿಎಚ್' (ಬಾರ್ ಬಿಚ್ಚಿದಾಗಿನ ಸಣ್ಣ ಎತ್ತರ), 'ಎಲ್‌ವಿಎಚ್' (ಮಡಚಿದಾಗಿನ ದೊಡ್ಡದು), 'ಡಿವಿಎಚ್' (ಆ ಕ್ಷಣದ್ದು) ಬಂದವು: ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108. ಎಲ್ಲ ಕಡೆ ಡಿವಿಎಚ್ ಹಾಕಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬಾರ್ ಸರಿದಂತೆ ಅದರ ಬೆಲೆ ಬದಲಾಗುತ್ತದೆ, ಓದುತ್ತಿದ್ದ ಸಾಲು ಕಣ್ಣೆದುರೇ ಜಿಗಿಯುತ್ತದೆ. ಪುಟದ ತಲೆಯಲ್ಲಿರುವ ದೊಡ್ಡ ಚಿತ್ರಕ್ಕೆ ಎಸ್‌ವಿಎಚ್ ಸಾಕು. ಚಾಟ್, ನಕ್ಷೆಯಂತೆ ಪುಟವೇ ಸ್ಕ್ರಾಲ್ ಆಗದ ಕಡೆ ಡಿವಿಎಚ್. ಹಳೆಯ ಬ್ರೌಸರಿಗಾಗಿ ಮೇಲಿನ ಸಾಲಿನಲ್ಲಿ ವಿಎಚ್ ಬರೆದು ಕೆಳಗೆ ಹೊಸದನ್ನು ಬರೆಯಿರಿ, ಅರ್ಥವಾಗದ ಸಾಲನ್ನು ಬ್ರೌಸರ್ ತಾನೇ ಬಿಟ್ಟುಬಿಡುತ್ತದೆ. ತಳಕ್ಕೆ ಅಂಟಿದ ಮೆನುವಿಗೆ 'ಸೇಫ್-ಏರಿಯಾ-ಇನ್‌ಸೆಟ್-ಬಾಟಮ್' (ಪರದೆಯ ತಳದಲ್ಲಿ ಫೋನ್ ತನಗಾಗಿ ಹಿಡಿದಿಟ್ಟ ಜಾಗ) ಪ್ಯಾಡಿಂಗ್ ಕೊಡಿ; ವ್ಯೂಪೋರ್ಟ್ ಟ್ಯಾಗಿನಲ್ಲಿ 'ವ್ಯೂಪೋರ್ಟ್-ಫಿಟ್=ಕವರ್' ಇಲ್ಲದಿದ್ದರೆ ಐಫೋನಿನಲ್ಲಿ ಆ ಬೆಲೆ ಸೊನ್ನೆಯೇ ಬರಬಹುದು ಎಂಬುದನ್ನು ಮರೆಯಬೇಡಿ.

ಕೀಬೋರ್ಡ್ ಎದ್ದಾಗ ತಳದ ಬಟನ್ ಅದರ ಹಿಂದೆ ಅಡಗುತ್ತದೆ. ಐಫೋನಿನಲ್ಲಿ ಮೊದಲಿನಿಂದಲೂ ಹೀಗೇ: ಲೇಔಟ್ ಕುಗ್ಗುವುದಿಲ್ಲ, ಕಾಣುವ ಭಾಗ ಮಾತ್ರ ಕುಗ್ಗುತ್ತದೆ. ಆಂಡ್ರಾಯ್ಡ್ ಕ್ರೋಮ್ ಹಿಂದೆ ಲೇಔಟನ್ನೇ ಕುಗ್ಗಿಸುತ್ತಿತ್ತು, 108ರಿಂದ ಅದೂ ಐಫೋನಿನ ಹಾದಿ ಹಿಡಿಯಿತು. ಹಳೆಯ ನಡವಳಿಕೆ ಬೇಕಿದ್ದರೆ ಕ್ರೋಮ್‌ಗಾಗಿ ವ್ಯೂಪೋರ್ಟ್ ಟ್ಯಾಗಿನಲ್ಲಿ 'ಇಂಟರ್‍ಯಾಕ್ಟಿವ್-ವಿಜೆಟ್=ರೀಸೈಜಸ್-ಕಂಟೆಂಟ್' ಸೇರಿಸಿ. ಸಫಾರಿಗಾಗಿ 'ವಿಷುಯಲ್‌ವ್ಯೂಪೋರ್ಟ್' ಎಂಬ ಆಬ್ಜೆಕ್ಟಿನ ರೀಸೈಜ್ ಈವೆಂಟ್ ಹಿಡಿದು, ಅದರ ಎತ್ತರಕ್ಕೆ ತಕ್ಕಂತೆ ಬಟನ್ನನ್ನು ಮೇಲೆತ್ತಬೇಕು.

ಇನ್‌ಪುಟ್ ಬಾಕ್ಸಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್ ಸಫಾರಿ ಆ ಬಾಕ್ಸಿನ ಮೇಲೆ ಜೂಮ್ ಮಾಡಿಬಿಡುತ್ತದೆ. ಅದಕ್ಕೆ ಜೂಮ್ ತಡೆಯಲು ಹೋಗಬೇಡಿ, ಅಕ್ಷರವನ್ನು 16 ಮಾಡಿ. ಒಟಿಪಿಗೆ 'ನಂಬರ್' ಟೈಪ್ ಬೇಡ, ಮೊದಲಿನ ಸೊನ್ನೆಗಳು ಹೋಗುವ ಸಂಭವವಿದೆ. ಟೈಪ್ 'ಟೆಕ್ಸ್ಟ್' ಇಟ್ಟು, 'ಇನ್‌ಪುಟ್‌ಮೋಡ್' ಎಂಬುದಕ್ಕೆ 'ನ್ಯೂಮರಿಕ್', 'ಆಟೋಕಂಪ್ಲೀಟ್' ಎಂಬುದಕ್ಕೆ 'ಒನ್-ಟೈಮ್-ಕೋಡ್' ಕೊಡಿ. ಅಂಕಿಗಳ ಕೀಬೋರ್ಡೂ ಬರುತ್ತದೆ, ಎಸ್ಸೆಮ್ಮೆಸ್‌ನಲ್ಲಿ ಬಂದ ಸಂಖ್ಯೆಯನ್ನು ಕೀಬೋರ್ಡೇ ಮುಂದಿಡುತ್ತದೆ.

ಕೀ ಒತ್ತಿದಾಗ ಬರುವ ಕೀಡೌನ್ ಈವೆಂಟ್ ನಂಬಿ ಕೋಡ್ ಬರೆದವರಿಗೆ ಆಂಡ್ರಾಯ್ಡ್ ಕಾಟ ಕೊಡುತ್ತದೆ. ಯಾವ ಕೀ ಒತ್ತಿದರೂ ಹೆಚ್ಚಿನ ಸಲ ಕೋಡ್ 229 ಎಂದೇ ಬರುತ್ತದೆ, ಏಕೆಂದರೆ ಅಕ್ಷರ ಇನ್ನೂ ಕೀಬೋರ್ಡ್ ಆ್ಯಪಿನೊಳಗೆ ಕೂಡಿಕೊಳ್ಳುತ್ತಿರುತ್ತದೆ. 'ಇನ್‌ಪುಟ್' ಈವೆಂಟ್ ಹಿಡಿಯಿರಿ, 'ಈಸ್ ಕಂಪೋಸಿಂಗ್' ನಿಜವಿರುವಾಗ, ಅಂದರೆ ಅಕ್ಷರ ಇನ್ನೂ ಕೂಡಿಕೊಳ್ಳುತ್ತಿರುವಾಗ, ಬಾಕ್ಸಿನ ಮೌಲ್ಯವನ್ನು ತಿದ್ದಬೇಡಿ. ತಿದ್ದಿದರೆ ಬರೆಯುತ್ತಿದ್ದ ಅಕ್ಷರ ಎರಡೆರಡು ಸಲ ಬರುತ್ತದೆ, ಇಲ್ಲವೇ ಒತ್ತಕ್ಷರ ಕಳಚಿಬೀಳುತ್ತದೆ. ಬಾಕ್ಸಿನ ಉದ್ದಕ್ಕೆ ಮಿತಿ ಹಾಕುವ 'ಮ್ಯಾಕ್ಸ್‌ಲೆಂಗ್ತ್' ಲೆಕ್ಕ ಹಿಡಿಯುವುದು ಯುಟಿಎಫ್-16 ತುಣುಕುಗಳನ್ನು (ಕಂಪ್ಯೂಟರ್ ಅಕ್ಷರಗಳನ್ನು ಒಡೆದಿಡುವ ಘಟಕ). 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಆ ಲೆಕ್ಕದಲ್ಲಿ ಆರು. ಹೆಸರಿನ ಬಾಕ್ಸಿಗೆ 20 ಎಂದು ಮಿತಿ ಹಾಕುವ ಮುಂಚೆ ಇದನ್ನು ನೆನೆಯಿರಿ.

ಬ್ರೌಸರಿನಲ್ಲಿ ಉಳಿಸಿಟ್ಟದ್ದು ಉಳಿಯುವುದಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. 2020ರ ಐಒಎಸ್ 13.4ರಿಂದ, ಸಫಾರಿ ಬಳಸಿದ ಏಳು ದಿನಗಳಲ್ಲಿ ನಿಮ್ಮ ಸೈಟನ್ನು ಒಮ್ಮೆಯೂ ಮುಟ್ಟದಿದ್ದರೆ, ಸ್ಕ್ರಿಪ್ಟ್ ಫೋನಿನಲ್ಲೇ ಬರೆದಿಟ್ಟ ದತ್ತಾಂಶ (ಲೋಕಲ್‌ಸ್ಟೋರೇಜ್, ಇಂಡೆಕ್ಸೆಡ್‌ಡಿಬಿ) ಎಲ್ಲ ಅಳಿಸಿಹೋಗುತ್ತವೆ. ಹೋಮ್ ಸ್ಕ್ರೀನಿಗೆ ಸೇರಿಸಿದ ವೆಬ್ ಆ್ಯಪಿಗೆ ಈ ಗಡುವು ಇಲ್ಲ. ಪುಶ್ ನೋಟಿಫಿಕೇಷನ್ ಕೂಡ ಐಫೋನಿನಲ್ಲಿ 16.4ರಿಂದ ಬಂದಿರುವುದು ಹೀಗೆ ಸೇರಿಸಿದವಕ್ಕೆ ಮಾತ್ರ. ಡ್ರಾಫ್ಟ್‌ಗಳನ್ನು ಸರ್ವರಿನಲ್ಲೂ ಇಡಿ.

ಪರೀಕ್ಷೆ

ಲ್ಯಾಪ್‌ಟಾಪ್ ಬ್ರೌಸರಿನ ಪರೀಕ್ಷಾ ಸಲಕರಣೆ ಡೆವ್‌ಟೂಲ್ಸ್‌ನಲ್ಲಿರುವ ಫೋನಿನ ಚೌಕಟ್ಟು ಅಗಲವನ್ನು ಬದಲಿಸುತ್ತದೆ, ಟಚ್ ಈವೆಂಟ್ ಕಳಿಸುತ್ತದೆ. ಎಂಜಿನ್ ಬದಲಾಗುವುದಿಲ್ಲ, ಕೀಬೋರ್ಡ್ ಏಳುವುದಿಲ್ಲ, ಅಡ್ರೆಸ್ ಬಾರ್ ಮಡಚುವುದಿಲ್ಲ. ಲೇಔಟ್ ಹೊಂದಿಸಲು ಸರಿ, ಅಷ್ಟೇ. 320, 360, 412 ಪಿಕ್ಸೆಲ್ ಅಗಲಗಳಲ್ಲಿ ನೋಡಿ, ಸಿಪಿಯು ವೇಗವನ್ನು ನಾಲ್ಕರಲ್ಲೊಂದು ಪಾಲಿಗೆ ಇಳಿಸಿ ನೋಡಿ. ಆಮೇಲೆ ನಿಜವಾದ ಫೋನ್ ಕೈಗೆತ್ತಿಕೊಳ್ಳಬೇಕು: ಆಂಡ್ರಾಯ್ಡ್‌ನ ಕ್ರೋಮ್, ಐಫೋನಿನ ಸಫಾರಿ, ಆಂಡ್ರಾಯ್ಡ್‌ನ ಫೈರ್‌ಫಾಕ್ಸ್, ಮತ್ತೆ ನಿಮ್ಮ ಓದುಗರು ಹೆಚ್ಚು ಬಳಸುವ ಸೋಷಿಯಲ್ ಮೀಡಿಯಾ ಆ್ಯಪಿನೊಳಗಿನ ಕಿಟಕಿ. ಫೋನ್ ಕೊಳ್ಳುವುದಾದರೆ ಹೊಸ ದುಬಾರಿ ಆಂಡ್ರಾಯ್ಡ್‌ಗಿಂತ ಕಡಿಮೆ ರ್‍ಯಾಮ್ ಇರುವ ಅಗ್ಗದ್ದೇ ಪರೀಕ್ಷೆಗೆ ಒಳ್ಳೆಯದು. ಟ್ಯಾಪಿಗೂ ಪರದೆ ಬದಲಾಗುವುದಕ್ಕೂ ನಡುವಿನ ತಡವನ್ನು ಅಳೆಯುವ ಐಎನ್‌ಪಿ ಅಳತೆಗೋಲಿನಲ್ಲಿ 200 ಮಿಲಿಸೆಕೆಂಡಿನೊಳಗೆ ಇರಬೇಕು. ದುಬಾರಿ ಫೋನಿನಲ್ಲಿ ಹೆಚ್ಚಿನ ಕೋಡ್ ಇದರಲ್ಲಿ ಸುಲಭವಾಗಿ ಪಾಸಾಗಿಬಿಡುತ್ತದೆ.

ಆಂಡ್ರಾಯ್ಡ್‌ಗೆ ಹೀಗೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ. ಕೇಬಲ್ ಹಾಕಿ, ಫೋನಿನಲ್ಲಿ ಬರುವ ಅನುಮತಿ ಒಪ್ಪಿ, ಲ್ಯಾಪ್‌ಟಾಪ್ ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟ ತೆರೆಯಿರಿ. ಫೋನ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ, ಬರೀ ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಅದೇ ಪುಟದ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಲ್ಯಾಪ್‌ಟಾಪಿನಲ್ಲಿ ಸೈಟ್ ಓಡುತ್ತಿರುವ ಪೋರ್ಟ್ ಸಂಖ್ಯೆ, ಉದಾಹರಣೆಗೆ 3000, ಕೊಟ್ಟರೆ ಫೋನಿನಲ್ಲೂ ಲೋಕಲ್‌ಹೋಸ್ಟ್ ಹೆಸರಿನಲ್ಲೇ ಸೈಟ್ ತೆರೆಯುತ್ತದೆ. ವೈಫೈ ಮೂಲಕ 192.168ರಿಂದ ಶುರುವಾಗುವ ವಿಳಾಸ ಹಾಕಿದರೂ ಪುಟ ಬರುತ್ತದೆ, ಆದರೆ ಎಚ್‌ಟಿಟಿಪಿಎಸ್ ಇಲ್ಲದ ಆ ವಿಳಾಸ ಸುರಕ್ಷಿತ ಎಂದು ಬ್ರೌಸರ್ ಒಪ್ಪುವುದಿಲ್ಲ. ಸರ್ವಿಸ್ ವರ್ಕರ್ (ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್), ಕ್ಯಾಮೆರಾ, ಲೊಕೇಷನ್ ಯಾವುದೂ ಓಡುವುದಿಲ್ಲ. ಲೋಕಲ್‌ಹೋಸ್ಟ್‌ಗೆ ಆ ನಿಯಮದಿಂದ ವಿನಾಯಿತಿ ಇದೆ.

ಐಫೋನಿಗೆ ಮ್ಯಾಕ್ ಬೇಕು. ಫೋನಿನ ಸಫಾರಿ ಸೆಟ್ಟಿಂಗ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ವೆಬ್ ಇನ್‌ಸ್ಪೆಕ್ಟರ್ ಆನ್ ಮಾಡಿ, ಮ್ಯಾಕ್‌ನ ಸಫಾರಿಯಲ್ಲಿ ಡೆವಲಪರ್ ಸೌಲಭ್ಯ ಆನ್ ಮಾಡಿದರೆ ಡೆವಲಪ್ ಮೆನುವಿನಲ್ಲಿ ಫೋನಿನ ಹೆಸರು ಬರುತ್ತದೆ. ಬೇರೆಯವರ ಆ್ಯಪಿನೊಳಗಿನ ವೆಬ್‌ವ್ಯೂ ಮಾತ್ರ, ಆ್ಯಪ್ ಬರೆದವರು ಅನುಮತಿ ಕೊಡದ ಹೊರತು, ಎರಡೂ ಕಡೆ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಅಂಥ ಕಡೆಗೂ, ಮ್ಯಾಕ್ ಇಲ್ಲದವರಿಗೂ ಎರುಡಾದಂತಹ ಲೈಬ್ರರಿ ಕೈಗೆ ಬರುತ್ತದೆ: ಪುಟಕ್ಕೆ ಒಂದು ಸ್ಕ್ರಿಪ್ಟ್ ಸೇರಿಸಿದರೆ ಫೋನಿನ ಪರದೆಯ ಮೇಲೇ ಕನ್ಸೋಲ್, ನೆಟ್‌ವರ್ಕ್, ಎಲಿಮೆಂಟ್ ಪಟ್ಟಿ ತೆರೆದುಕೊಳ್ಳುತ್ತದೆ. ವಿಳಾಸದ ಕೊನೆಗೆ 'ಡೀಬಗ್=1' ಎಂದಿದ್ದಾಗ ಮಾತ್ರ, ಅದೂ ಟೆಸ್ಟ್ ಸರ್ವರಿನಲ್ಲಿ ಮಾತ್ರ, ಲೋಡ್ ಆಗುವಂತೆ ಕಟ್ಟಿ.